ಪೋಕರ್‌ನ ಹತ್ತು ಪದ ಕಲಿತರೆ ದಿನವೂ ಗೆಲ್ಲಬಹುದೇ?

‘ಈ ಹತ್ತು ಪದ ಕಲಿತರೆ ಸಾಕು, ಪೋಕರ್‌ನಲ್ಲಿ ದಿನವೂ ಗೆಲ್ಲಬಹುದು.’ ಇಂಥ ಒಂದು ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಕೊನೆಯಲ್ಲಿ ಒಂದು ಲಿಂಕ್, ಜೊತೆಗೆ ‘ಇದು ಕೌಶಲದ ಆಟ ಅಂತ ಕೋರ್ಟೇ ಹೇಳಿದೆ’ ಎಂಬ ಭರವಸೆ. ಪದ ಕಲಿಯುವುದರಲ್ಲಿ ತಪ್ಪೇನಿಲ್ಲ. ಆದರೆ ಅವುಗಳನ್ನು ಸರಿಯಾಗಿ ಕಲಿತರೆ, ಆ ಸಂದೇಶ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದೂ ತಿಳಿಯುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಆಟ ನಡೆಯುವುದು ಹೇಗೆ?

ಪೋಕರ್‌ನಲ್ಲಿ ಹಲವು ಬಗೆಗಳಿವೆ. ಹೆಚ್ಚು ಪ್ರಸಿದ್ಧವಾದದ್ದು ಟೆಕ್ಸಸ್ ಹೋಲ್ಡೆಮ್. ಬೇಕಾಗುವುದು 52 ಎಲೆಗಳ ಒಂದು ಕಟ್ಟು.

ಬ್ಲೈಂಡ್: ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಹಣ. ಚಿಕ್ಕದು ಸ್ಮಾಲ್ ಬ್ಲೈಂಡ್, ದೊಡ್ಡದು ಬಿಗ್ ಬ್ಲೈಂಡ್. ನಮ್ಮ ಮೂರೆಲೆ ಆಟದಲ್ಲಿ ಬ್ಲೈಂಡ್ ಆಡುವುದು ನಿಮ್ಮ ಇಷ್ಟ. ಇಲ್ಲಿ ಸರದಿ ಬಂದಾಗ ಹಾಕಲೇಬೇಕು. ಹಾಗಾಗಿ ಏನೂ ಆಡದೆ ಸುಮ್ಮನೆ ಕೂತರೂ ದುಡ್ಡು ಕರಗುತ್ತದೆ.

ಹೋಲ್ ಕಾರ್ಡ್: ನಿಮಗೆ ಮಾತ್ರ ಕಾಣುವ ಎರಡು ಎಲೆ.

ಫ್ಲಾಪ್, ಟರ್ನ್, ರಿವರ್: ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು ಎಲೆ (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್) ಬಿಚ್ಚುತ್ತಾರೆ. ನಿಮ್ಮ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದು ಎಲೆಗಳೇ ನಿಮ್ಮ ಕೈ.

ಚೆಕ್, ಬೆಟ್, ಕಾಲ್, ರೈಸ್, ಫೋಲ್ಡ್: ಹಣ ಹಾಕದೆ ಸರದಿ ದಾಟಿಸುವುದು ಚೆಕ್. ಮೊದಲು ಹಣ ಕಟ್ಟುವುದು ಬೆಟ್. ಅಷ್ಟೇ ಹಣ ಹಾಕಿ ಮುಂದುವರಿಯುವುದು ಕಾಲ್. ಇನ್ನೂ ಏರಿಸುವುದು ರೈಸ್. ಎಲೆ ಬಿಟ್ಟು ಹಿಂದೆ ಸರಿಯುವುದು ಫೋಲ್ಡ್. ಇರುವುದನ್ನೆಲ್ಲ ಒಮ್ಮೆಗೇ ಇಟ್ಟರೆ ಆಲ್ ಇನ್. ಹೀಗೆ ನಡುವೆ ಸೇರುವ ಹಣದ ಗುಡ್ಡೆಯೇ ಪಾಟ್.

ಬ್ಲಫ್: ಕೈಯಲ್ಲಿ ಏನೂ ಇಲ್ಲದಿದ್ದರೂ ಇರುವಂತೆ ಹಣ ಏರಿಸಿ, ಎದುರಿನವರು ಎಲೆ ಬಿಡುವಂತೆ ಮಾಡುವುದು.

ಮೂರೆಲೆ ಆಡಿದವರು ಎಡವುವ ಜಾಗ

ಒಂದೇ ಗುರುತಿನ ಐದು ಎಲೆ ಬಂದರೆ ಫ್ಲಶ್. ಸಾಲಾಗಿ ಐದು ಸಂಖ್ಯೆ ಬಂದರೆ ಸ್ಟ್ರೇಟ್. ಮೂರೆಲೆಯಲ್ಲಿ ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು. ಪೋಕರ್‌ನಲ್ಲಿ ಇದು ಉಲ್ಟಾ, ಫ್ಲಶ್ ದೊಡ್ಡದು. ಯಾಕೆ? ಅಪರೂಪವಾದದ್ದಕ್ಕೆ ಬೆಲೆ ಹೆಚ್ಚು, ಅಷ್ಟೇ. ಮೂರು ಎಲೆಗಳಲ್ಲಿ ಬರೀ ಸೀಕ್ವೆನ್ಸ್ 720 ಬಗೆಯಲ್ಲಿ ಬರಬಹುದು, ಕಲರ್ 1,096 ಬಗೆಯಲ್ಲಿ. ಐದು ಎಲೆಗಳಲ್ಲಿ ಸ್ಟ್ರೇಟ್ 10,200 ಬಗೆ, ಫ್ಲಶ್ 5,108 ಬಗೆ ಮಾತ್ರ.

ಎಲ್ಲಕ್ಕಿಂತ ದೊಡ್ಡದು ರಾಯಲ್ ಫ್ಲಶ್: ಒಂದೇ ಗುರುತಿನ ಹತ್ತು, ಜಾಕ್, ರಾಣಿ, ರಾಜ, ಎಕ್ಕ. ಐದು ಎಲೆಗಳ 25,98,960 ಜೋಡಣೆಗಳಲ್ಲಿ ಇದು ನಾಲ್ಕೇ ನಾಲ್ಕು. ಸಿನಿಮಾದಲ್ಲಿ ಮಾತ್ರ ಬೇಕಾದಾಗ ಬರುತ್ತದೆ!

‘ಈ ಸಲ ಬಂದೇ ಬರುತ್ತೆ’ ಎಂಬ ನಂಬಿಕೆ

ನಿಮ್ಮ ಕೈ ಸುಧಾರಿಸಬಲ್ಲ, ಇನ್ನೂ ಬಾರದ ಎಲೆಗಳಿಗೆ ಔಟ್ಸ್ ಎನ್ನುತ್ತಾರೆ. ನಿಮ್ಮ ಎರಡು ಎಲೆ ಮತ್ತು ಫ್ಲಾಪ್ ಸೇರಿ ನಾಲ್ಕು ಹಾರ್ಟ್ ಆಗಿವೆ ಎಂದುಕೊಳ್ಳಿ. ಉಳಿದ ಹಾರ್ಟ್ 9. ನಿಮಗೆ ಕಾಣದ ಎಲೆ 47. ಟರ್ನ್‌ನಲ್ಲೇ ಹಾರ್ಟ್ ಬರುವ ಸಾಧ್ಯತೆ ಸುಮಾರು ಶೇ 19. ರಿವರ್‌ವರೆಗೆ ಕಾದರೆ ಸುಮಾರು ಶೇ 35. ಅಂದರೆ ನೂರು ಸಲದಲ್ಲಿ 65 ಸಲ ಬರುವುದಿಲ್ಲ.

ಹಿಂದಿನ ಐದು ಆಟಗಳಲ್ಲಿ ಬರಲಿಲ್ಲ ಎಂದು ಈ ಸಲ ಸಾಧ್ಯತೆ ಹೆಚ್ಚುವುದಿಲ್ಲ. ಪ್ರತಿ ಆಟಕ್ಕೂ ಎಲೆ ಹೊಸದಾಗಿ ಕಲಸುತ್ತಾರೆ. ಎಲೆಗಳಿಗೆ ನೆನಪಿಲ್ಲ.

ಹಾಗಾದರೆ ಕೌಶಲಕ್ಕೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಯಾವಾಗ ಎಲೆ ಬಿಡಬೇಕು ಎಂದು ತಿಳಿದವರು ಸಾವಿರಾರು ಆಟಗಳ ಲೆಕ್ಕದಲ್ಲಿ ಮುಂದಿರಬಹುದು. ಆದರೆ ಇವತ್ತು ರಾತ್ರಿ ಗೆಲ್ಲುತ್ತಾರೆ ಎಂಬ ಖಾತ್ರಿ ಅವರಿಗೂ ಇಲ್ಲ. ಕೈಯಲ್ಲಿ ಎರಡು ಎಕ್ಕ, ಎದುರಿನವರಿಗೆ ಎರಡು ರಾಜ, ಇಬ್ಬರೂ ಆಲ್ ಇನ್. ಆಗಲೂ ನೂರರಲ್ಲಿ ಸುಮಾರು 18 ಸಲ ಎಕ್ಕವೇ ಸೋಲುತ್ತದೆ. ಇಂಥ ಸೋಲಿಗೆ ಬ್ಯಾಡ್ ಬೀಟ್ ಎಂದು ಹೆಸರು.

ಸಂದೇಶ ಹೇಳದೇ ಬಿಡುವ ಎರಡು ಪದ

ಮೊದಲನೆಯದು ರೇಕ್. ಆಟ ನಡೆಸುವವರು ಪಾಟ್‌ನಿಂದ ತೆಗೆದುಕೊಳ್ಳುವ ಪಾಲು. ಆರು ಜನ ತಲಾ ₹1,000 ತಂದರು, ಒಟ್ಟು ₹6,000. ಪ್ರತಿ ಪಾಟ್ ₹500, ರೇಕ್ ಶೇ 4 ಎಂದುಕೊಳ್ಳಿ. ಒಂದು ಆಟಕ್ಕೆ ಹೋಗುವುದು ₹20 ಮಾತ್ರ. ನೂರು ಆಟ ಮುಗಿದಾಗ? ₹2,000 ಮೇಜಿನಿಂದ ಹೊರಗೆ. ಆರು ಜನರೂ ಒಟ್ಟಾಗಿ ಮೂರನೇ ಒಂದು ಭಾಗ ಕಳೆದುಕೊಂಡಿರುತ್ತಾರೆ. ಯಾರು ಗೆದ್ದರೂ ಸೋತರೂ ಆಟ ನಡೆಸುವವರಿಗೆ ಲಾಭ.

ಎರಡನೆಯದು ಟಿಲ್ಟ್. ಸೋತ ಸಿಟ್ಟಿನಲ್ಲಿ, ಕಳೆದದ್ದನ್ನು ಈಗಲೇ ವಾಪಸ್ ಪಡೆಯಬೇಕೆಂದು ವಿವೇಚನೆ ಇಲ್ಲದೆ ಆಡುವ ಸ್ಥಿತಿ. ಸಾಲ ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಅದು ಬರೀ ಕೆಟ್ಟ ಚಟ ಎಂದು ಬೈದು ಸುಮ್ಮನಾಗುವ ವಿಷಯವಲ್ಲ, ಚಿಕಿತ್ಸೆ ಇದೆ.

ಕೋರ್ಟ್ ಹೇಳಿದ್ದು ನಿಜವೇ?

ಅರ್ಧ ನಿಜ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ಕರ್ನಾಟಕದ 2021ರ ತಿದ್ದುಪಡಿಯ ಅಂಶಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣದ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಹಳೆಯ ತೀರ್ಪು ತೋರಿಸಿ ಲಿಂಕ್ ಕಳಿಸುವವರು ಈ ಮಾತು ಹೇಳುವುದಿಲ್ಲ.

ಕೊನೆಯದಾಗಿ

ಪದ ಕಲಿತರೆ ಆಟ ಅರ್ಥವಾಗುತ್ತದೆ, ಗೆಲುವು ಬರುವುದಿಲ್ಲ. ಆಡುವ ಆಸೆ ಇದ್ದರೆ ಮನೆಯವರ ಜೊತೆ ಹುಣಸೆ ಬೀಜ ಇಟ್ಟು ಆಡಿ; ಲೆಕ್ಕವೂ ಬರುತ್ತದೆ, ನಗುವೂ ಬರುತ್ತದೆ. ಮನೆಯಲ್ಲಿ ಯಾರಾದರೂ ಆಟ ಬಿಡಲಾಗದೆ ಒದ್ದಾಡುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ. ಇಂಥ ಲಿಂಕ್‌ನಿಂದ ಹಣ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ. ಆ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಇದರಲ್ಲಿ ರೇಕ್ ಎಷ್ಟು?’