ಗೀಳು ರೋಗ: ಪಥ್ಯವೂ ಮನಶ್ಚಿಕಿತ್ಸೆಯೂ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಊಟ ದೇಹಕ್ಕೆ ಸಂಬಂಧಿಸಿದ್ದು, ಮಾತು ಮನಸ್ಸಿಗೆ ಸಂಬಂಧಿಸಿದ್ದು ಎಂದು ನಾನೂ ಬಹುಕಾಲ ಎಣಿಸಿದ್ದೆ. ಒಂದೇ ರೋಗದ ಚಿಕಿತ್ಸೆಯಲ್ಲಿ ಇವೆರಡೂ ಕೂಡಿ ಕೆಲಸ ಮಾಡಬಲ್ಲವೆಂಬುದನ್ನು ನಾನು ಮೊದಲು ಕಂಡದ್ದು ಪುಸ್ತಕದಲ್ಲಲ್ಲ, ನಮ್ಮ ಮನೆಯಲ್ಲಿ. ಆ ರೋಗದ ಹೆಸರು ಗೀಳು ರೋಗ.

ನನ್ನ ಸೋದರತ್ತೆಯನ್ನು ನೆಂಟರೆಲ್ಲ ‘ಮಡಿ ಅತ್ತೆ’ ಎಂದು ಹಾಸ್ಯ ಮಾಡುತ್ತಿದ್ದರು. ಬಾಗಿಲ ಚಿಲಕ ಮುಟ್ಟಿದರೆ ಕೈ ತೊಳೆಯಬೇಕು. ತೊಳೆದ ಕೈ ನಲ್ಲಿಗೆ ತಗಲಿತೆಂದು ಮತ್ತೆ ತೊಳೆಯಬೇಕು. ಅಂಗೈಯ ಚರ್ಮ ಬಿರಿದು ರಕ್ತ ಬರುತ್ತಿತ್ತು. “ಮುಸುರೆ ತಗಲಿತೇನೋ?” ಎಂದು ನನ್ನನ್ನು ಕೇಳುವರು. “ಇಲ್ಲ ಅತ್ತೆ” ಎಂದರೆ ಒಂದು ಗಳಿಗೆ ಸಮಾಧಾನ. ಮರುಗಳಿಗೆಯಲ್ಲಿ ಅದೇ ಪ್ರಶ್ನೆ. ಹಾಲಿನವನ ಕೈ ಹೇಗಿದೆಯೋ ಎಂಬ ಶಂಕೆಯಿಂದ ಹಾಲು, ಮೊಸರು, ಮಜ್ಜಿಗೆಗಳನ್ನು ಬಿಟ್ಟು ಐದಾರು ವರ್ಷಗಳಾಗಿದ್ದವು. ಮಾಂಸ, ಮೊಟ್ಟೆಗಳ ರೂಢಿ ಮೊದಲೇ ಇಲ್ಲ. ಕಡೆಗೆ ಅವರ ಊಟ ತಾವೇ ತೊಳೆದು ಬೇಯಿಸಿದ ಅನ್ನ, ತಿಳಿಸಾರಿಗೆ ಬಂದು ನಿಂತಿತ್ತು.

ಮಡಿಯನ್ನು ಆಚರಿಸುವುದೇ ರೋಗವೆಂದು ನಾನು ಹೇಳುತ್ತಿಲ್ಲ. ಮಡಿಯುಟ್ಟವರಿಗೆ ಒಂದು ಸ್ನಾನದಿಂದ ತೃಪ್ತಿಯಾಗುತ್ತದೆ. ರೋಗಿಗೆ ನೂರು ಬಿಂದಿಗೆ ನೀರಿನಿಂದಲೂ ಆಗುವುದಿಲ್ಲ. ಬೇಡವೆಂದರೂ ಒಂದು ಯೋಚನೆ ಮನಸ್ಸಿಗೆ ನುಗ್ಗುತ್ತದೆ. ಅದರಿಂದ ಕಳವಳ ಹುಟ್ಟುತ್ತದೆ. ಕಳವಳ ಕಳೆಯಲು ತೊಳೆಯುವುದು, ಎಣಿಸುವುದು, ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುವುದು ಮೊದಲಾದ ಕ್ರಿಯೆಗಳು ನಡೆಯುತ್ತವೆ. ಕ್ರಿಯೆಯಿಂದ ಕ್ಷಣಕಾಲ ಶಾಂತಿ ದೊರೆಯುತ್ತದೆ. ಆ ಶಾಂತಿಯೇ ರೋಗಕ್ಕೆ ಗೊಬ್ಬರ. ಮುಂದಿನ ಸಲ ಕಳವಳ ಬಂದಾಗ ಮನಸ್ಸು ಅದೇ ದಾರಿಯನ್ನು ಹಿಡಿಯುತ್ತದೆ. ತಾನು ಮಾಡುತ್ತಿರುವುದು ಅತಿಯೆಂದು ಬಹುಮಂದಿ ರೋಗಿಗಳಿಗೆ ತಿಳಿದೇ ಇರುತ್ತದೆ. ತಿಳಿದೂ ಬಿಡಲಾಗದಿರುವುದೇ ಇದರ ಸಂಕಟ.

ಬಹುಕಾಲ ಇದನ್ನು ವಾಸಿಯಾಗದ ರೋಗವೆಂದೇ ಭಾವಿಸಲಾಗಿತ್ತು. ಫ್ರಾಯ್ಡನು 1909ರಲ್ಲಿ ಇಂಥ ರೋಗಿಯೊಬ್ಬನ ದೀರ್ಘ ವೃತ್ತಾಂತವನ್ನು ಪ್ರಕಟಿಸಿ, ಮರೆತ ಬಾಲ್ಯದಲ್ಲಿ ಕಾರಣವನ್ನು ಹುಡುಕಿದನು. ಆದರೆ ಕಾರಣವನ್ನು ಅರಿತ ಮಾತ್ರಕ್ಕೆ ಕೈ ತೊಳೆಯುವುದು ನಿಲ್ಲದೆಂದು ವೈದ್ಯರು ಅನುಭವದಿಂದ ಕಂಡುಕೊಂಡರು. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಬೇರೊಂದು ಕ್ರಮವನ್ನು ಇಬ್ಬರು ರೋಗಿಗಳ ಮೇಲೆ ಪ್ರಯೋಗಿಸಿ ವರದಿ ಮಾಡಿದರು. ರೋಗಿ ಯಾವುದಕ್ಕೆ ಹೆದರುವನೋ ಅದನ್ನೇ ಮುಟ್ಟಬೇಕು. ಮುಟ್ಟಿದ ಮೇಲೆ ತೊಳೆಯಕೂಡದು. ಮೊದಲು ಕಳವಳ ಏರುತ್ತದೆ. ಆದರೆ ಏರಿದ್ದು ತಾನಾಗಿಯೇ ಇಳಿಯುತ್ತದೆ. ಹೀಗೆ ಹತ್ತು, ಇಪ್ಪತ್ತು ಸಲ ಆದಾಗ, ತೊಳೆಯದಿದ್ದರೂ ಅನಾಹುತವಾಗುವುದಿಲ್ಲವೆಂಬುದನ್ನು ಮನಸ್ಸು ಅನುಭವದಿಂದಲೇ ಕಲಿಯುತ್ತದೆ. ಮಾತಿನಿಂದ ಆರಂಭವಾಗಿ ಕೃತಿಯಲ್ಲಿ ಮುಗಿಯುವ ಈ ಮನಶ್ಚಿಕಿತ್ಸೆಗೆ ಇಂದು ಅಗ್ರಸ್ಥಾನವಿದೆ. 1992ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸಂಶೋಧಕರು, ಔಷಧಿಯಿಂದ ಗುಣವಾದವರಲ್ಲಿ ಮಿದುಳಿನ ಯಾವ ಭಾಗದ ಚಟುವಟಿಕೆ ಬದಲಾಯಿತೋ, ಈ ಅಭ್ಯಾಸದಿಂದ ಗುಣವಾದವರಲ್ಲಿಯೂ ಅದೇ ಭಾಗದಲ್ಲಿ ಬದಲಾವಣೆಯಾದುದನ್ನು ಕಂಡರು. ಮನಸ್ಸಿನ ಸಾಧನೆ ಮಿದುಳನ್ನೂ ಮುಟ್ಟುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಪಥ್ಯದ ವಿಚಾರ. ಇಂಥದನ್ನು ತಿಂದರೆ ಗೀಳು ಹೋಗುತ್ತದೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ವಿವೇಚನೆ ಅಗತ್ಯ. ಹಸಿವಿಗೂ ಗೀಳಿಗೂ ನಂಟಿರುವುದು ನಿಜ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರಿಗೆ, ಅವರ ಒಪ್ಪಿಗೆಯಿಂದಲೇ, 24 ವಾರ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ತೂಕದಲ್ಲಿ ಕಾಲುಭಾಗ ಇಳಿಯಿತು. ಅದಕ್ಕಿಂತ ಆಶ್ಚರ್ಯವೆಂದರೆ, ಹಗಲಿರುಳೂ ಅವರಿಗೆ ಅನ್ನದ್ದೇ ಧ್ಯಾನವಾಯಿತು. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಕೂಡಿಹಾಕಿದರು. ತುತ್ತು ತುತ್ತಿಗೂ ವಿಚಿತ್ರ ಕ್ರಮಗಳನ್ನು ಹಚ್ಚಿಕೊಂಡರು. ಅವರಿಗಾದದ್ದು ಗೀಳು ರೋಗವಲ್ಲ, ನಿಜ. ಆದರೆ ಹೊಟ್ಟೆ ಬರಿದಾದಾಗ ಮನಸ್ಸು ಒಂದೇ ಜಾಡಿನಲ್ಲಿ ಸುತ್ತುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇದಕ್ಕೆ ಇನ್ನೊಂದು ಮುಖವೂ ಉಂಟು. ಇನೊಸಿಟಾಲ್ ಎಂಬುದು ಕಾಳು, ಹಣ್ಣುಗಳಲ್ಲಿರುವ ಒಂದು ವಸ್ತು. 1996ರಲ್ಲಿ ಇಸ್ರೇಲಿನ ವೈದ್ಯರು 13 ಮಂದಿ ಗೀಳು ರೋಗಿಗಳಿಗೆ ದಿನಕ್ಕೆ 18 ಗ್ರಾಮಿನಂತೆ 6 ವಾರ ಇದನ್ನು ಕೊಟ್ಟಾಗ ಗುಣ ಕಂಡುಬಂದಿತು. ಆದರೆ ಮುಂದೆ ಇತರ ಔಷಧಿಗಳ ಜೊತೆಗೆ ಸೇರಿಸಿ ಕೊಟ್ಟು ನೋಡಿದಾಗ ವಿಶೇಷ ಲಾಭವೇನೂ ಕಾಣಲಿಲ್ಲ. ಅಲ್ಲದೆ, ಅಷ್ಟು ಪ್ರಮಾಣ ನಮ್ಮ ನಿತ್ಯದ ಊಟದಲ್ಲಿ ಸಿಕ್ಕುವಂಥದಲ್ಲ. ಅದು ಆಹಾರವಲ್ಲ, ಔಷಧಿಯೇ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಖಿನ್ನತೆಯಿಂದ ನರಳುತ್ತಿದ್ದ 67 ಮಂದಿಯಲ್ಲಿ ಒಂದು ಗುಂಪಿಗೆ ತರಕಾರಿ, ಹಣ್ಣು, ಕಾಳು, ಮೀನುಗಳ ಆಹಾರಕ್ರಮವನ್ನು ಕಲಿಸಿದರು. 12 ವಾರಗಳ ಅನಂತರ ಆ ಗುಂಪಿನಲ್ಲಿ ನೂರಕ್ಕೆ 32 ಮಂದಿ ಚೇತರಿಸಿಕೊಂಡರೆ, ಇನ್ನೊಂದರಲ್ಲಿ 8 ಮಂದಿ ಮಾತ್ರ. ಇದು ಖಿನ್ನತೆಯ ಮಾತು, ಗೀಳಿನದಲ್ಲ. ಆದರೂ ಗೀಳಿನವರಲ್ಲಿ ಅನೇಕರಿಗೆ ಖಿನ್ನತೆಯೂ ಕೂಡಿರುವುದರಿಂದ ಈ ಸಂಗತಿಯನ್ನು ಅಲಕ್ಷಿಸಲಾಗದು.

ಅತ್ತೆಯನ್ನು ಕಡೆಗೆ ಆಸ್ಪತ್ರೆಗೆ ಕರೆದೊಯ್ದೆವು. ಕೈಕಾಲು ಜೋಮು, ಸುಸ್ತು, ಮರೆವು ಇರುವುದನ್ನು ಕೇಳಿ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಬಿ-12 ಜೀವಸತ್ತ್ವ ತೀರ ಕಡಮೆಯಾಗಿತ್ತು. ನರಗಳಿಗೂ ರಕ್ತಕ್ಕೂ ಅವಶ್ಯವಾದ ಈ ಜೀವಸತ್ತ್ವ ಕಾಳು, ಸೊಪ್ಪುಗಳಲ್ಲಿಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಅದರ ಮುಖ್ಯ ಆಧಾರ. ರೋಗ ಅತ್ತೆಯ ಆಹಾರವನ್ನು ಕಿತ್ತುಕೊಂಡಿತ್ತು. ಆಹಾರ ಹೋದುದರಿಂದ ರೋಗವನ್ನು ಎದುರಿಸುವ ಶಕ್ತಿಯೂ ಹೋಗಿತ್ತು. ವೈದ್ಯರು ಚುಚ್ಚುಮದ್ದನ್ನೂ ಗೀಳಿಗೆ ಮಾತ್ರೆಯನ್ನೂ ಕೊಟ್ಟು, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳುಹಿಸಿದರು.

ಆಕೆ ಅತ್ತೆಯ ಭಯಗಳನ್ನೆಲ್ಲ ಕೇಳಿ, ಚಿಕ್ಕದರಿಂದ ದೊಡ್ಡದಕ್ಕೆ ಏಣಿಯ ಮೆಟ್ಟಿಲುಗಳಂತೆ ಬರೆದಿಟ್ಟರು. ಮೊದಲ ಮೆಟ್ಟಿಲು: ಚಿಲಕ ಮುಟ್ಟಿ ಹತ್ತು ನಿಮಿಷ ಸುಮ್ಮನಿರುವುದು. ಕೊನೆಯ ಮೆಟ್ಟಿಲು: ಹಾಲಿನವನಿಂದ ತಾವೇ ಹಾಲು ಕೊಂಡು, ಕಾಯಿಸಿ, ಹೆಪ್ಪು ಹಾಕಿ, ಆ ಮೊಸರನ್ನು ಉಣ್ಣುವುದು. ನಮಗೂ ಒಂದು ಕಟ್ಟಪ್ಪಣೆಯಾಯಿತು: ಮುಸುರೆಯ ಪ್ರಶ್ನೆಗೆ ಉತ್ತರ ಕೊಡಕೂಡದು. ಇಷ್ಟು ವರ್ಷ ನಾನು ಪ್ರೀತಿಯಿಂದ ಹೇಳುತ್ತಿದ್ದ “ಇಲ್ಲ ಅತ್ತೆ” ಎಂಬ ಮಾತೂ ಗೊಬ್ಬರವೇ ಆಗಿತ್ತೆಂದು ತಿಳಿದಾಗ ನನಗಾದ ವ್ಯಥೆಯನ್ನು ಇಲ್ಲಿ ಬರೆಯಲಾರೆ. ಅವರು ಕೇಳುವರು, ನಾನು ಬಾಯಿ ಕಟ್ಟಿ ಪಕ್ಕದಲ್ಲಿ ಕೂರುವೆನು. ಒಂದು ದಿನ “ನಿನಗೂ ನಾನು ಬೇಡವಾದೆನೇನೋ?” ಎಂದು ಅತ್ತುಬಿಟ್ಟರು. ಆದರೂ ಎದ್ದು ನಲ್ಲಿಯ ಬಳಿ ಹೋಗಲಿಲ್ಲ.

ನಾಲ್ಕು ತಿಂಗಳ ಮೇಲೆ ಮೊಸರಿನ ಮೆಟ್ಟಿಲು ಬಂದಿತು. ಬಟ್ಟಲಿನ ಮುಂದೆ ಮುಕ್ಕಾಲು ಗಂಟೆ ಕುಳಿತಿದ್ದು, ಕಡೆಗೆ ಉಂಡರು. ಅವರಿಗೆ ಬೇಕಾದ ಪಥ್ಯವೂ, ಎದುರಿಸಬೇಕಾದ ಭಯವೂ ಆ ಒಂದು ಬಟ್ಟಲಲ್ಲಿಯೇ ಇದ್ದವು. ಎರಡು ಚಿಕಿತ್ಸೆಗಳು ಕೂಡುವುದೆಂದರೆ ಏನೆಂದು ನನಗೆ ಅಂದು ಅರ್ಥವಾಯಿತು.

ಅತ್ತೆ ಪೂರ್ಣ ಗುಣವಾದರೆಂದು ಹೇಳಲಾರೆ. ಹಬ್ಬಹರಿದಿನಗಳಲ್ಲಿ, ಆಯಾಸವಾದಾಗ ಹಳೆಯ ಶಂಕೆ ಇಣುಕುತ್ತದೆ. ಆದರೆ ಅಂಗೈಯ ಗಾಯ ಮಾಯ್ದಿದೆ.

ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿಜ್ಞಾಪನೆ. ಈ ರೋಗ ಬಹುಮಟ್ಟಿಗೆ ತಲೆದೋರುವುದು ಹದಿಹರೆಯದಲ್ಲಿ, ಇಲ್ಲವೆ ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ನಮ್ಮ ವಯಸ್ಸಿನಲ್ಲಿಯೇ. ಹಾಸ್ಟೆಲಿನ ಬೀಗವನ್ನು ಹತ್ತು ಸಲ ನೋಡಿ ಬರುವ, ಬರೆದ ಉತ್ತರವನ್ನೇ ಅಳಿಸಿ ಅಳಿಸಿ ಬರೆಯುವ ಗೆಳೆಯನಿದ್ದರೆ ನಗಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ. ಆದರೆ ಪಥ್ಯವನ್ನು ನಂಬಿ ಮಾತ್ರೆಯನ್ನಾಗಲಿ, ಮನಶ್ಚಿಕಿತ್ಸೆಯನ್ನಾಗಲಿ ಬಿಡಿಸಬೇಡಿ. ಊಟ ಬಲ ಕೊಡುತ್ತದೆ. ಮೆಟ್ಟಿಲನ್ನು ರೋಗಿಯೇ ಹತ್ತಬೇಕು. ಹತ್ತುವಾಗ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕುಳಿತಿದ್ದರೆ ಅದೂ ದೊಡ್ಡ ಉಪಕಾರವೇ.