ಏಟಿಲ್ಲದೆ ಮೂಡುವ ಕಲೆ

ಮನೆಯ ಹಿರಿಯರ ಮೈಮೇಲೆ ಕಲೆಯೊಂದು ಕಂಡರೆ ‘ಎಲ್ಲೋ ತಗುಲಿರಬೇಕು, ಬಿಡು’ ಎನ್ನುವುದು ವಾಡಿಕೆ. ಸಾಮಾನ್ಯವಾಗಿ ಅದು ನಿಜವೂ ಹೌದು. ಆದರೆ ಏಟು ಬಿದ್ದ ನೆನಪೇ ಇಲ್ಲದೆ ಮೂಡಿ, ನೋಯದೆ, ವಾರಗಳು ಕಳೆದರೂ ಮಾಸದ ಕಂದು-ನೇರಳೆ ಕಲೆ ಅಥವಾ ಗಂಟು, ತೀರಾ ಅಪರೂಪಕ್ಕೆ, ರಕ್ತದ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು.

ಈ ರೋಗದ ಹೆಸರು ಬಲು ಉದ್ದ: ಬ್ಲಾಸ್ಟಿಕ್ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಸೆಲ್ ನಿಯೋಪ್ಲಾಸಂ. ಚಿಕ್ಕದಾಗಿ, ಬಿಪಿಡಿಸಿಎನ್. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಈ ಹೆಸರು ಬಂದದ್ದು 2008ರಲ್ಲಿ. ಅದಕ್ಕೂ ಮೊದಲು ಇದನ್ನು ಬೇರೊಂದು ಬಗೆಯ ಬಿಳಿ ರಕ್ತಕಣದ ರೋಗವೆಂದೇ ತಿಳಿಯಲಾಗಿತ್ತು.

ಕಾವಲುಗಾರನೇ ಕಳ್ಳನಾದಾಗ

ವೈರಸ್ ದಾಳಿಯಾದಾಗ ಇಂಟರ್‌ಫೆರಾನ್ ಸ್ರವಿಸಿ ದೇಹವನ್ನು ಎಚ್ಚರಿಸುವ ಕಣಗಳು ನಮ್ಮ ಮೂಳೆಮಜ್ಜೆಯಲ್ಲಿ ಹುಟ್ಟುತ್ತವೆ. ಪೂರ್ತಿ ಬಲಿಯದ ಇಂಥ ಕಣಗಳು ಅಂಕೆ ಮೀರಿ ಬೆಳೆಯುವುದೇ ಈ ರೋಗ. ಬಹುಪಾಲು ರೋಗಿಗಳಲ್ಲಿ ಅದು ಚರ್ಮದ ಮೇಲೆ ಕಾಣಿಸಿಕೊಳ್ಳುತ್ತದೆ. ಜೊತೆಗೋ ಆಮೇಲೋ ಮೂಳೆಮಜ್ಜೆ, ರಕ್ತ, ದುಗ್ಧಗ್ರಂಥಿ, ಗುಲ್ಮಗಳಿಗೆ, ಕೆಲವರಲ್ಲಿ ಮೆದುಳು-ಬೆನ್ನುಹುರಿಯ ಸುತ್ತಲಿನ ದ್ರವಕ್ಕೂ ಹಬ್ಬುತ್ತದೆ.

ಮಜ್ಜೆಯಲ್ಲಿ ರೋಗಕಣಗಳು ತುಂಬಿಕೊಂಡರೆ ಒಳ್ಳೆಯ ಕಣಗಳಿಗೆ ಜಾಗವಿಲ್ಲ. ಕೆಂಪುಕಣ ಕಡಿಮೆಯಾಗಿ ಸುಸ್ತು, ಬಿಳಿಕಣ ಕಡಿಮೆಯಾಗಿ ಸೋಂಕು-ಜ್ವರ, ಪ್ಲೇಟ್‌ಲೆಟ್ ಕಡಿಮೆಯಾಗಿ ರಕ್ತಸ್ರಾವ ಶುರುವಾಗುತ್ತವೆ. ಗುಲ್ಮ ಊದಿದರೆ ಎಡಪಕ್ಕೆಯ ಕೆಳಗೆ ಭಾರವೆನಿಸುತ್ತದೆ.

ಆರಂಭದಲ್ಲಿ ರಕ್ತಪರೀಕ್ಷೆ ಸರಿಯಾಗಿಯೇ ಬರಬಹುದು. ಆದ್ದರಿಂದ ಆ ವರದಿಯೊಂದನ್ನೇ ನಂಬಿ ಕೂರುವಂತಿಲ್ಲ. ಕಲೆಯ ಚೂರು ತೆಗೆದು ಬಯಾಪ್ಸಿ ಮಾಡಿ, ಕಣಗಳ ಮೇಲಿನ ಸಿಡಿ4, ಸಿಡಿ56, ಸಿಡಿ123 ಮುಂತಾದ ಗುರುತುಗಳನ್ನು ಹುಡುಕಿದರೆ ರೋಗ ಗೊತ್ತಾಗುತ್ತದೆ.

ಗಂಟಲುಮಾರಿಯ ವಿಷವೇ ಮದ್ದು

ಕೀಮೋಥೆರಪಿಗೆ ಮೊದಮೊದಲು ಬಗ್ಗಿದರೂ ಈ ರೋಗ ಬೇಗ ಮರುಕಳಿಸುತ್ತದೆ. ದೇಹ ತಾಳುವಂತಿದ್ದರೆ ಆಕರಕೋಶ ಕಸಿ ಮಾಡುತ್ತಾರೆ. 2018ರಲ್ಲಿ ಅಮೆರಿಕದಲ್ಲಿ ಟ್ಯಾಗ್ರಾಕ್ಸೊಫಸ್ಪ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಮಕ್ಕಳಿಗೆ ಲಸಿಕೆ ಹಾಕಿಸಿ ತಡೆಯುವ ಡಿಫ್ತೀರಿಯಾ, ಅಂದರೆ ಗಂಟಲುಮಾರಿಯ ವಿಷದ ಭಾಗವೇ ಅದರಲ್ಲಿರುವ ಅಸ್ತ್ರ! ಸಿಡಿ123 ಗುರುತು ಹಿಡಿದು ಕಣದೊಳಗೆ ಹೊಕ್ಕು ಅದನ್ನು ಕೊಲ್ಲುತ್ತದೆ.

ತಂದೆತಾಯಂದಿರು ಗಾಬರಿಯಾಗಬೇಕಿಲ್ಲ. ಇದು ಮಕ್ಕಳಲ್ಲಿ ಬಲು ವಿರಳ; ಅರವತ್ತು ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ಆಟದಲ್ಲಿ ಬಿದ್ದ ಪೆಟ್ಟಿನ ಕಲೆ ಬಣ್ಣ ಬದಲಿಸುತ್ತ ಎರಡು ವಾರದಲ್ಲಿ ಮಾಸುತ್ತದೆ. ಮಾಸದಿದ್ದರೆ, ಹೆಚ್ಚುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಮುಂದಿನ ಚಿಕಿತ್ಸೆ ಬೇಕಾದರೆ ಹನುಮಂತನಗರದವರಿಗೆ ಬಸವನಗುಡಿಯ ಶಂಕರ ಕ್ಯಾನ್ಸರ್ ಆಸ್ಪತ್ರೆ ಹತ್ತಿರದಲ್ಲೇ ಇದೆ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯೂ ಇದೇ ಊರಿನಲ್ಲಿದೆ.

ವಿದ್ಯಾರ್ಥಿಗಳಿಗೊಂದು ಮಾತು: ತಾತ ತಮ್ಮ ಬೆನ್ನನ್ನು ತಾವೇ ನೋಡಿಕೊಳ್ಳಲಾರರು. ಆಗಾಗ ನೀವು ನೋಡಿ ಹೇಳಿ.