ಕುದಿಯುವ ನೀರಿನಲ್ಲೂ ನೂರು ತೋರಿಸದ ಥರ್ಮಾಮೀಟರು

ಕಳೆದ ಕೊಯ್ಲಿನ ಕಾಲದಲ್ಲಿ ಸದಸ್ಯರೊಬ್ಬರು ಒಂದು ಥರ್ಮಾಮೀಟರನ್ನು ಬಟ್ಟೆಯಲ್ಲಿ ಸುತ್ತಿ ತಂದು ನಮ್ಮ ಮೇಜಿನ ಮೇಲಿಟ್ಟರು. "ಅಂಗಡಿಯವರು ಮೋಸ ಮಾಡಿದ್ದಾರೆ ಸ್ವಾಮಿ, ಕುದಿಯುವ ನೀರಿನಲ್ಲೂ ಇದು 96 ದಾಟುವುದಿಲ್ಲ" ಎಂದರು. ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತದೆಂದು ನಂಬಿ, ಡ್ರೈಯರಿನಲ್ಲಿ 40 ಕಂಡಾಗಲೆಲ್ಲ ಅದನ್ನು 44 ಎಂದೇ ಎಣಿಸಿ ಅವರು ಬೆಂಕಿ ತಗ್ಗಿಸಿದ್ದರು. ಹೊರಗೆ ಅಕಾಲದ ಮಳೆ. ಪಾರ್ಚ್‌ಮೆಂಟು ಬೇಗ ಒಣಗದೆ ಬೂಸ್ಟು ಹಿಡಿಯಿತು, ಬೆಲೆಯೂ ಬಿತ್ತು.

ಥರ್ಮಾಮೀಟರು ಸರಿಯಾಗಿಯೇ ಇತ್ತು. ನೀರು ನೂರು ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದಲ್ಲಿ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಅದರೊಡನೆ ಕುದಿಬಿಂದುವೂ ಸುಮಾರು ಸಾವಿರ ಅಡಿಗೆ ಒಂದು ಡಿಗ್ರಿಯಂತೆ ಇಳಿಯುತ್ತದೆ. ಅವರ ತೋಟವಿರುವುದು 3,800 ಅಡಿ ಎತ್ತರದಲ್ಲಿ. ಮಂಗಳೂರಿನ ನೆಂಟರ ಮನೆಯಲ್ಲಿ ಅದ್ದಿ ನೋಡಿದ್ದರೆ ಅದೇ ಥರ್ಮಾಮೀಟರು ನೂರು ತೋರಿಸುತ್ತಿತ್ತು.

ಈ ಅಳತೆ ಮಾಡಿದವನಿಗೇ ಇದು ಗೊತ್ತಿತ್ತು. ಸ್ವೀಡನ್ನಿನ ಉಪ್ಸಾಲದ ಖಗೋಳಶಾಸ್ತ್ರಜ್ಞ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಹಿಮ ಕರಗುವ ಬಿಂದುವಿಗೂ ನೀರು ಕುದಿಯುವ ಬಿಂದುವಿಗೂ ನಡುವೆ ನೂರು ಪಾಲು ಮಾಡಿದಾಗ, ಎರಡನೆಯದಕ್ಕೆ ಗಾಳಿಯ ಒತ್ತಡ ಇಂತಿಷ್ಟೇ ಇರಬೇಕೆಂದೂ ಗೊತ್ತುಮಾಡಿದ. ತಮಾಷೆಯೆಂದರೆ, ಅವನು ಕುದಿಯುವ ನೀರಿಗೆ ಸೊನ್ನೆ, ಹಿಮಕ್ಕೆ ನೂರು ಕೊಟ್ಟಿದ್ದ! ಅದನ್ನು ತಿರುಗಿಸಿದವರು ಬೇರೆಯವರು. ಈಗಂತೂ, 2019ರಿಂದ, ಅಧಿಕೃತ ವ್ಯಾಖ್ಯೆಗೆ ನೀರೇ ಬೇಕಿಲ್ಲ. ಅದು ಬೋಲ್ಟ್ಸ್‌ಮನ್ ಸ್ಥಿರಾಂಕದ ಮೇಲೆ ನಿಂತಿದೆ. ನಮ್ಮ ದೇಶದ ಮೂಲ ಅಳತೆಯನ್ನು ಹೊಸದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಕಾಯುತ್ತದೆ.

ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಹಿಮ ಕರಗುವ ಬಿಂದು ಎತ್ತರಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಶುದ್ಧ ನೀರಿನ ಐಸನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ, ಫ್ಲಾಸ್ಕಿಗೆ ತುಂಬಿ, ಸಂದು ತುಂಬುವಷ್ಟು ತಣ್ಣೀರು ಹಾಕಿರಿ. ಮೀನಿನ ಪೆಟ್ಟಿಗೆಯ ಐಸು ಬೇಡ, ಉಪ್ಪು ಸೇರಿದ್ದರೆ ಶಾಖ ಸೊನ್ನೆಗಿಂತ ಇಳಿಯುತ್ತದೆ. ಥರ್ಮಾಮೀಟರಿನ ಬುಡ ತಳಕ್ಕೆ ತಾಗದಂತೆ ಇಳಿಬಿಟ್ಟು, ಕಲಕುತ್ತ ಐದು ನಿಮಿಷ ಕಾಯಿರಿ. ಸೊನ್ನೆ ತೋರಿಸಬೇಕು. 2 ತೋರಿಸಿದರೆ ಆ 2ನ್ನು ಮುಂದೆ ಕಳೆಯುತ್ತ ಹೋಗಬೇಕು.

ಸೊನ್ನೆಯಲ್ಲಿ ಸರಿಯಿದ್ದ ಮಾತ್ರಕ್ಕೆ 40ರಲ್ಲೂ ಸರಿಯಿರುತ್ತದೆಂದು ಹೇಳಲಾಗದು. ಪಾರ್ಚ್‌ಮೆಂಟಿಗೆ ಬೇಕಾದ್ದು ಆ 40ರ ಆಸುಪಾಸಿನ ಅಳತೆಯೇ. ಅದಕ್ಕೆ ಮನೆಯ ಜ್ವರದ ಥರ್ಮಾಮೀಟರು ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ಎರಡನ್ನೂ ಅಕ್ಕಪಕ್ಕ ಹಿಡಿದು, ಕಲಕಿ, ಹೋಲಿಸಿ ನೋಡಿರಿ. ನೀರು 42 ದಾಟದಿರಲಿ, ಗಾಜಿನದಾದರೆ ಒಡೆದೀತು.

ಕೊಯ್ಲಿಗೆ ಮುಂಚೆ ಥರ್ಮಾಮೀಟರುಗಳನ್ನು ಸಂಘದ ಕಚೇರಿಗೆ ತಂದರೆ ನಾವೇ ಪರೀಕ್ಷಿಸಿ, ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಕೊಡುತ್ತೇವೆ. ಐಸು ಮಾತ್ರ ಸದಸ್ಯರದೇ.